ಟಿಕ್ ಟಿಕ್ ಎಂದ ಗಂಟಲು



ಪೆಟ್ರೋಮ್ಯಾಕ್ಸ್ ದೀಪವನ್ನು ಈಗಿನ ಹುಡುಗರು ಕಂಡಿರಲಿಕ್ಕಿಲ್ಲ. ನಮ್ಮ ಮಲೆನಾಡಿನ ಕಡೆ ಅದಕ್ಕೆ ಗ್ಯಾಸ್‌ಲೈಟು ಅಂತಲೇ ಹೆಸರು. ಮದುವೆಯ ಚಪ್ಪರ, ಬಯಲಾಟದ ರಂಗಸ್ಥಳ, ರಾತ್ರಿ ಅಡಿಕೆ ಸುಲಿಯುವ ಅಂಗಳ, ಎಲ್ಲ ಕಡೆಗೂ ಅದರದೇ ಬೆಳಕು. ಗಾಜಿನ ಒಳಗೆ ಬಟ್ಟೆಯದೊಂದು ಪುಟ್ಟ ಚೀಲ ಕಟ್ಟುತ್ತಿದ್ದರು, ಮ್ಯಾಂಟಲ್ ಅಂತ. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟುಹೋಗಿ ಬೂದಿಯ ಬಲೆ ಉಳಿಯುತ್ತಿತ್ತು. ಮುಟ್ಟಿದರೆ ಪುಡಿ. ಕಣ್ಣು ಕುಕ್ಕುವ ಬೆಳಕು ಕೊಡುತ್ತಿದ್ದದ್ದು ಆ ಬೂದಿಯೇ. ಅದರಲ್ಲಿ ಬಹುಪಾಲು ಥೋರಿಯಂ ಆಕ್ಸೈಡ್. ಥೋರಿಯಂ ಎಂದರೆ ವಿಕಿರಣಶೀಲ ಲೋಹ, ನಮ್ಮ ದಕ್ಷಿಣದ ಕಡಲತೀರದ ಮರಳಿನಲ್ಲೂ ಇರುವಂಥದ್ದು. ಕರ್ಣಾರ್ಜುನರ ಕಾಳಗವನ್ನು ನಮ್ಮ ಹಿರಿಯರು ನೋಡಿದ್ದು ಈ ವಿಕಿರಣಶೀಲ ವಸ್ತುವಿನ ಬೆಳಕಿನಲ್ಲಿ. ಯಾರಿಗೂ ಏನೂ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅಷ್ಟು ಸಣ್ಣ ಪ್ರಮಾಣಕ್ಕೆ ಬೆಚ್ಚಿಬೀಳಬೇಕಾಗಿಯೂ ಇಲ್ಲ, ಅಷ್ಟೇ.

ಈ ಸಂಗತಿ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಹವ್ಯಾಸದಿಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಲೇಗಳ ಟಕಟಕ ಸದ್ದಿನ ನಡುವೆ ನೌಕರಿ ಮುಗಿಸಿದವನು ನಾನು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಸಂದಿಗಳಲ್ಲಿ ಬಿಡಿಭಾಗ ಹುಡುಕಿ ಒಂದು ಗೀಗರ್ ಕೌಂಟರ್ ಕಟ್ಟಿದೆ. ಅದರ ಜೀವ ಒಂದು ಲೋಹದ ಕೊಳವೆ, ಸೋವಿಯತ್ ಕಾಲದ್ದು, ಬೆರಳಿನಷ್ಟು ದಪ್ಪ. ಒಳಗೆ ಅನಿಲ, ನಡುವೆ ಒಂದು ತಂತಿ, ಕೊಳವೆಯ ಗೋಡೆಗೂ ತಂತಿಗೂ ಮಧ್ಯೆ 400 ವೋಲ್ಟ್. ವಿಕಿರಣದ ಒಂದು ಕಣ ಒಳಹೊಕ್ಕು ಒಂದು ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತರೆ ಸಾಕು, ಆ ಎಲೆಕ್ಟ್ರಾನ್ ತಂತಿಯ ಕಡೆ ಓಡುತ್ತಾ ಇನ್ನಷ್ಟನ್ನು ಕೀಳುತ್ತದೆ, ಅವು ಮತ್ತಷ್ಟನ್ನು. ಸ್ಪೀಕರಿನಲ್ಲಿ ‘ಟಿಕ್’. ಹಾನ್ಸ್ ಗೀಗರ್ ಮತ್ತು ಮುಲ್ಲರ್ 1928ರಲ್ಲಿ ಈ ಕೊಳವೆಗೆ ರೂಪ ಕೊಟ್ಟರು. ಅದರ ಮೂಲ ತತ್ವ ಈವರೆಗೂ ಬದಲಾಗಿಲ್ಲ.

ಖಾಲಿ ಕೋಣೆಯಲ್ಲೂ ಅದು ಟಿಕ್ ಎನ್ನುತ್ತದೆ. ಆಕಾಶದಿಂದ ಬರುವ ವಿಶ್ವಕಿರಣ, ನೆಲದ ಗ್ರಾನೈಟಿನೊಳಗಿನ ಯುರೇನಿಯಂ, ಥೋರಿಯಂ, ಇವೆಲ್ಲದರ ಸಣ್ಣ ಸಣ್ಣ ಹಾಜರಿ. ಹಳೆಯ ಮ್ಯಾಂಟಲಿನ ಪೊಟ್ಟಣ ಹತ್ತಿರ ಹಿಡಿದರೆ ಟಿಕ್‌ಗಳ ಮಳೆ. ನಮ್ಮ ಬೀದಿಯವರಿಗೆ ಈ ಸುದ್ದಿ ಮುಟ್ಟಿದ ಕೂಡಲೇ ಇಬ್ಬರು ಮೂವರು ಬಂದರು. ‘ಸರ್, ನಮ್ಮ ಮನೆ ಎದುರು ಮೊಬೈಲ್ ಟವರ್ ಇದೆ, ಅಳತೆ ಮಾಡಿಕೊಡಿ.’ ಗೀಗರ್ ಕೌಂಟರಿಗೆ ಮೊಬೈಲ್ ಟವರ್ ಕಾಣಿಸುವುದೇ ಇಲ್ಲ. ಟವರಿನಿಂದ ಬರುವುದು ರೇಡಿಯೋ ತರಂಗ, ನೀವು ಈಗ ನನ್ನ ಮಾತು ಕೇಳುತ್ತಿರುವ ಬಾನುಲಿಯ ಬಳಗದ್ದೇ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಶಕ್ತಿ ಅದಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಅದನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಪಟ್ಟಿಗೆ ಸೇರಿಸಿದ್ದು ನಿಜ. ಪೂರ್ವ ಏಷ್ಯಾದ ಹುದುಗಿಸಿದ ತರಕಾರಿಯ ಉಪ್ಪಿನಕಾಯಿಯೂ ಅದೇ ಪಟ್ಟಿಯಲ್ಲಿದೆ. 2012ರಲ್ಲಿ ನಮ್ಮ ಸರಕಾರ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಇಷ್ಟು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಕೌಂಟರನ್ನು ಟವರಿನ ಕಡೆ ಹಿಡಿದು ತೋರಿಸಿದ ಮೇಲೆ ಆಯಿತು. ಅದು ನ್ಯಾಯವಾದ ಪರೀಕ್ಷೆಯಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲೊಲ್ಲರು.

ಅದಾದ ಕೆಲ ಕಾಲಕ್ಕೆ ನನ್ನ ಹೆಂಡತಿ, ನಾನು ತಲೆ ಎತ್ತಿ ನೀರು ಕುಡಿಯುತ್ತಿದ್ದಾಗ, ‘ಏನ್ರೀ, ಗಂಟಲಲ್ಲಿ ಏನೋ ಮೇಲೆ ಕೆಳಗೆ ಆಡ್ತಿದೆಯಲ್ಲ’ ಎಂದಳು. ಥೈರಾಯಿಡ್ ಗ್ರಂಥಿಯಲ್ಲಿ ಗಂಟು. ಸ್ಕ್ಯಾನಿಂಗ್, ಸೂಜಿ ಚುಚ್ಚಿ ತೆಗೆದ ಜೀವಕೋಶಗಳ ಪರೀಕ್ಷೆ, ಕೊನೆಗೆ ಪ್ಯಾಪಿಲರಿ ಕ್ಯಾನ್ಸರ್ ಎಂಬ ವರದಿ. ಕತ್ತಿನ ದುಗ್ಧಗ್ರಂಥಿಗಳಿಗೂ ಹಬ್ಬಿತ್ತು. ಆಪರೇಷನ್‌ಗೆ ಮುಂಚೆ ಸರ್ಜನ್ ಹೇಳಿದ ಮಾತು ನನ್ನನ್ನು ರೋಗಕ್ಕಿಂತ ಹೆಚ್ಚು ಹೆದರಿಸಿತು: ಧ್ವನಿಪೆಟ್ಟಿಗೆಗೆ ಹೋಗುವ ನರ ಗ್ರಂಥಿಯ ಬೆನ್ನಿಗೇ ಅಂಟಿಕೊಂಡಂತೆ ಸಾಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಅದನ್ನು ಕಾಯಲು ಒಂದು ಯಂತ್ರವಿದೆ ಎಂದರು. ಉಸಿರಿನ ನಳಿಕೆಯ ಮೇಲೆ ಎಲೆಕ್ಟ್ರೋಡ್ ಇಟ್ಟಿರುತ್ತಾರೆ. ನರವನ್ನು ಸಣ್ಣ ಕರೆಂಟಿನಿಂದ ತಟ್ಟಿದರೆ ಸ್ನಾಯು ಮಿಡಿದು ಸದ್ದು ಬರುತ್ತದೆ. ಎಷ್ಟು ಕರೆಂಟು ಅಂತ ಕೇಳಿದೆ. ಒಂದು ಮಿಲಿಆಂಪಿಯರಿನ ಆಸುಪಾಸು. ಟೆಲಿಫೋನ್ ಲೈನಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹರಿಯುತ್ತದೆ ಎಂದು ಲೆಕ್ಕ ಹಾಕುತ್ತಾ ಮಲಗಿದೆ. ದನಿ ಉಳಿಯಿತು. ಉಳಿದದ್ದರಿಂದಲೇ ಇಲ್ಲಿ ಕೂತಿದ್ದೇನೆ.

ಗ್ರಂಥಿ ತೆಗೆದರೆ ಮುಗಿಯಲಿಲ್ಲ. ಅಲ್ಲಿ ಇಲ್ಲಿ ಉಳಿದ ಜೀವಕೋಶಗಳನ್ನು ಸುಡಲು ವಿಕಿರಣಶೀಲ ಅಯೋಡಿನ್ ಕುಡಿಸುತ್ತಾರೆ. ಅದಕ್ಕೆ ಮುಂಚೆ ಆ ಕೋಶಗಳಿಗೆ ಅಯೋಡಿನ್ ಹಸಿವು ಹುಟ್ಟಬೇಕು. ಆದ್ದರಿಂದ ಕೆಲವು ವಾರ ಥೈರಾಕ್ಸಿನ್ ಮಾತ್ರೆ ಕೊಡುವುದಿಲ್ಲ. ಮಾತ್ರೆ ನಿಲ್ಲಿಸದೆಯೂ ಈ ಕೆಲಸ ಮಾಡುವ ಚುಚ್ಚುಮದ್ದು ಇದೆ, ಅದರ ಬೆಲೆ ಕೇಳಿ ನಾನು ಬೇಡವೆಂದೆ. ಆ ವಾರಗಳನ್ನು ಮರೆಯಲಾರೆ. ನೋವು ಏನೂ ಇಲ್ಲ. ಚಳಿ, ಜಡ, ಮಾತು ಹುಡುಕುವ ತೊಡಕು. ಕಪ್ಪು, ಕಂದು, ಕೆಂಪು, ಕಿತ್ತಳೆ ಎಂದು ರೆಸಿಸ್ಟರಿನ ಬಣ್ಣದ ಪಟ್ಟೆಗಳನ್ನು ಓದುವುದು ನನಗೆ ಮಗ್ಗಿಯಷ್ಟೇ ಸಲೀಸು. ಆಗ ಒಂದೊಂದು ಪಟ್ಟೆಗೂ ನಿಂತು ಯೋಚಿಸಬೇಕಾಯಿತು. ಕಾದ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿದು ಏನು ಮಾಡಲು ಹೊರಟಿದ್ದೆ ಎಂಬುದನ್ನೇ ಮರೆತು ಕೂತಿರುತ್ತಿದ್ದೆ. ‘ನಾನು’ ಎಂದು ಇಷ್ಟು ವರ್ಷ ಜಂಬದಿಂದ ಓಡಾಡಿಸಿದ ವಸ್ತು ದಿನಕ್ಕೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗದಷ್ಟು ರಾಸಾಯನಿಕದ ಮೇಲೆ ನಿಂತಿದೆ ಎಂದು ತಿಳಿಯುವುದು ವಿನಯದ ಪಾಠವಲ್ಲ, ಬರೀ ಕಿರಿಕಿರಿ. ಕಾಯಿಲೆಯಿಂದ ಮನುಷ್ಯ ದೊಡ್ಡವನಾಗುತ್ತಾನೆ ಎಂದು ಬರೆಯುವವರು ಆ ವಾರಗಳಲ್ಲಿ ನನ್ನನ್ನು ನೋಡಬೇಕಿತ್ತು. ಮನೆಯವರ ಮೇಲೆ ಸಿಡುಕುವುದೊಂದೇ ನನ್ನ ಬೆಳವಣಿಗೆ.

ಜೊತೆಗೆ ಅಯೋಡಿನ್ ಇಲ್ಲದ ಊಟ. ಹಾಲು, ಮೊಸರು, ಮೊಟ್ಟೆ, ಮೀನು ಬಂದ್. ಅಯೋಡಿನ್ ಬೆರೆಸದ ಉಪ್ಪು ತರಬೇಕು. ಅಂಗಡಿಯ ಸಾಲು ಸಾಲು ಪೊಟ್ಟಣಗಳಲ್ಲಿ ಅಂಥ ಉಪ್ಪು ಹುಡುಕುವುದು ಸುಲಭವಲ್ಲ. ಯಾಕೆ ಸುಲಭವಲ್ಲ ಎಂಬುದರ ಹಿಂದೆ ಒಂದು ದೊಡ್ಡ ಕಥೆಯಿದೆ, ನನ್ನ ಕಾಯಿಲೆಗಿಂತ ಅದೇ ಸ್ವಾರಸ್ಯ.

ಅಯೋಡಿನ್ ಸಿಕ್ಕಿದ್ದೇ ಯುದ್ಧದ ದೆಸೆಯಿಂದ. 1811ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಮದ್ದುಗುಂಡಿನ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ತ್ವಾ ಕಡಲಪಾಚಿಯ ಬೂದಿಗೆ ಗಂಧಕಾಮ್ಲ ಹೆಚ್ಚು ಸುರಿದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಕಡಲಲ್ಲಿ ಧಾರಾಳವಾಗಿರುವ ಈ ಧಾತು ಬೆಟ್ಟದ ಮಣ್ಣಿನಲ್ಲಿ ಕಡಿಮೆ. ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ಹಿಮಾಲಯದ ತಪ್ಪಲಿನಲ್ಲಿ, ನಮ್ಮ ಚಿಕ್ಕಮಗಳೂರು, ಕೊಡಗಿನಂಥ ಗುಡ್ಡಗಾಡಿನಲ್ಲಿ ಗಳಗಂಡ. ಕತ್ತು ಊದುವುದು ಕಣ್ಣಿಗೆ ಕಾಣುವ ಭಾಗ. ಬಸುರಿಯ ದೇಹದಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಮಿದುಳೇ ಕುಂದುತ್ತದೆ. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ಡಾ ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಹಂಚಿಸಿದರು. ಕೆಲವೇ ವರ್ಷಗಳಲ್ಲಿ ಆ ಎರಡು ವಲಯಗಳ ಮಕ್ಕಳಲ್ಲಿ ಗಳಗಂಡ ಕುಗ್ಗಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಉಪ್ಪನ್ನೇ ಯಾಕೆ ಆರಿಸಿದರು ಅಂದರೆ ಬಡವನೂ ಬಲ್ಲಿದನೂ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವ ಪದಾರ್ಥ ಅದೊಂದೇ. ನಮ್ಮ ಸೆಕೆಗೂ ತೇವಕ್ಕೂ ಹಾರಿಹೋಗದಂತೆ ಅಯೋಡೇಟ್ ರೂಪದಲ್ಲಿ ಬೆರೆಸುತ್ತಾರೆ. ಅಂಗಡಿಯಲ್ಲಿ ಸಿಗುವ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ 15 ಭಾಗ ಅಯೋಡಿನ್ ಇರಬೇಕು.

ಇನ್ನು ರಾಜಕೀಯ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದೆಂಬ ಕಾಯಿದೆ ದೇಶವಿಡೀ ಬಂದದ್ದು 1998ರಲ್ಲಿ. 2000ದಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿತು. 2006ರಲ್ಲಿ ಮತ್ತೆ ತಂದರು. ತೆಗೆಯಬೇಕೆಂದವರು ಗಾಂಧಿಯ ಹೆಸರು ಹೇಳಿದರು, ಉಪ್ಪಿನ ಮೇಲೆ ಸರಕಾರಕ್ಕೇನು ಹಕ್ಕು ಎಂದರು. ಇದನ್ನು ಬರೀ ಮೌಢ್ಯ ಎಂದು ನಗುವ ಜಾಣ ವಿಜ್ಞಾನಾಭಿಮಾನಿಗಳು ನನಗೆ ಗೊತ್ತು. ನಾನು ನಗಲಾರೆ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ನಮ್ಮ ಅಂಕೋಲೆಯ ಕಡಲ ದಂಡೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ಎತ್ತಿ ಜೈಲಿಗೆ ಹೋದ ನೆನಪು ಇರುವ ನಾಡು ಇದು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಇಂದಿಗೂ ಬಿಸಿಲಲ್ಲಿ ನಿಂತು ಉಪ್ಪು ಎಳೆಯುವವರಿದ್ದಾರೆ. ಸಡಿಲ ಹರಳುಪ್ಪಿನ ಜಾಗಕ್ಕೆ ಕಂಪನಿಯ ಪೊಟ್ಟಣ ಬಂದಾಗ ಬೆಲೆ ಏರಿತು, ಸಣ್ಣ ಉತ್ಪಾದಕ ಸೊರಗಿದ. ಇದು ಸುಳ್ಳು ದೂರಲ್ಲ. ಆದರೆ ಅದಕ್ಕೆ ಪರಿಹಾರ ಅಯೋಡಿನ್ ತೆಗೆಯುವುದಲ್ಲ, ಸಣ್ಣ ಆಗರದವನಿಗೆ ಸಿಂಪಡಿಸುವ ಯಂತ್ರ ಕೊಡುವುದು. ದುಬಾರಿ ತಂತ್ರಜ್ಞಾನವೇನಲ್ಲ ಅದು. ಅಯೋಡೇಟ್ ದ್ರಾವಣ, ಒಂದು ಪಂಪು, ಒಂದು ನಳಿಕೆ. ನಾನು ಕಂಡಂತೆ ವಿಜ್ಞಾನದ ಪರವಾಗಿ ಮಾತಾಡುವವರು ಬಹುಪಾಲು ಸಲ ಸೋಲುವುದು ಇಲ್ಲಿಯೇ. ಯಾರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂದು ಕೇಳದೆ ಅಂಕಿ ಅಂಶ ಓದುತ್ತಾರೆ.

ಸರಿ, ಆಸ್ಪತ್ರೆಗೆ ಬರೋಣ. ದಪ್ಪ ಗೋಡೆಯ ಒಂಟಿ ಕೋಣೆ. ಅದರ ಶೌಚಾಲಯದ ನೀರು ಊರಿನ ಒಳಚರಂಡಿಗೆ ನೇರ ಹೋಗುವುದಿಲ್ಲ, ತೊಟ್ಟಿಗಳಲ್ಲಿ ನಿಂತು ವಿಕಿರಣ ಇಳಿದ ಮೇಲೆ ಬಿಡುತ್ತಾರೆ. ಸೀಸದ ಡಬ್ಬಿಯಲ್ಲಿ ಬಂದ ಔಷಧ ನೋಡಲು ನೀರಿನಂತಿತ್ತು. ಕೊಟ್ಟವರು ಹುಷಾರಾಗಿ ದೂರ ನಿಂತರು. ನನಗೆ ಮಾತ್ರ ‘ಕುಡೀರಿ ಸರ್’ ಎಂದರು.

ನಮ್ಮ ದೇಹಕ್ಕೆ ಸಾದಾ ಅಯೋಡಿನ್ 127 ಯಾವುದು, ವಿಕಿರಣಶೀಲ 131 ಯಾವುದು ಎಂಬ ಭೇದ ತಿಳಿಯದು. ಹಸಿದ ಥೈರಾಯಿಡ್ ಕೋಶ ಎರಡನ್ನೂ ಬಾಚಿಕೊಳ್ಳುತ್ತದೆ. ಒಳಗೆ ಸೇರಿದ 131 ಒಡೆದು ಕ್ಸೆನಾನ್ ಆಗುವಾಗ ಬೀಟಾ ಕಣವೊಂದನ್ನು ಉಗುಳುತ್ತದೆ. ಆ ಕಣ ಮಾಂಸದಲ್ಲಿ ಹೆಚ್ಚೆಂದರೆ ಎರಡು ಮಿಲಿಮೀಟರ್ ಸಾಗೀತು. ಸುಡುವುದೆಲ್ಲ ಅಲ್ಲೇ, ಆ ಕೋಶದ ಸುತ್ತಮುತ್ತ. ಜೊತೆಗೇ ಹೊರಡುವ ಗಾಮಾ ಕಿರಣ ಮೈ ದಾಟಿ ಹೊರಬರುತ್ತದೆ, ಕ್ಯಾಮೆರಾಕ್ಕೆ ಸಿಗುತ್ತದೆ. ಮದ್ದೂ ಅದೇ, ಪತ್ತೇದಾರನೂ ಅದೇ. ಇಷ್ಟು ಅಚ್ಚುಕಟ್ಟಾದ ಎಂಜಿನಿಯರಿಂಗ್ ಅನ್ನು ನಾನು ಬೇರೆಲ್ಲೂ ಕಂಡಿಲ್ಲ, ಮನುಷ್ಯ ಅದರಲ್ಲಿ ಮಾಡಿದ್ದು ಅರ್ಧ ಮಾತ್ರ.

ಆ ಅರ್ಧ ಹೇಗೆ ಹುಟ್ಟಿತು ಎಂಬುದನ್ನೂ ಹೇಳಬೇಕು. 1936ರ ನವೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಎಂ.ಐ.ಟಿ.ಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ವೈದ್ಯರ ಮುಂದೆ ಭೌತಶಾಸ್ತ್ರದ ಬಗ್ಗೆ ಉಪನ್ಯಾಸ ಕೊಟ್ಟರು. ಥೈರಾಯಿಡ್ ವೈದ್ಯ ಸಾಲ್ ಹರ್ಟ್ಸ್ ಎದ್ದು ಕೇಳಿದ ಪ್ರಶ್ನೆ ಒಂದೇ: ಅಯೋಡಿನ್ನನ್ನು ವಿಕಿರಣಶೀಲವಾಗಿ ಮಾಡಬಹುದೇ? 1938ರಲ್ಲಿ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ ಅಯೋಡಿನ್ 131ನ್ನು ಕಂಡುಹಿಡಿದರು. 1941ರಲ್ಲಿ ಹರ್ಟ್ಸ್ ವಿಕಿರಣಶೀಲ ಅಯೋಡಿನ್ನನ್ನು ಥೈರಾಯಿಡ್ ಅತಿಯಾಗಿ ದುಡಿಯುವ ಕಾಯಿಲೆಯ ರೋಗಿಗೆ ಮೊದಲ ಸಲ ಕೊಟ್ಟರು. ಯಾರೋ ಸಮಿತಿ ಮಾಡಿ ಯೋಜಿಸಿದ್ದಲ್ಲ, ಸಭಿಕನೊಬ್ಬನ ಪ್ರಶ್ನೆಯಿಂದ ಹೊರಟದ್ದು. ಸೀಬೋರ್ಗರ ತಾಯಿಗೂ ಮುಂದೆ ಇದೇ ಐಸೋಟೋಪಿನಿಂದ ಚಿಕಿತ್ಸೆಯಾಗಿ ಆಯುಷ್ಯ ಹೆಚ್ಚಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಮಗ ಕಂಡುಹಿಡಿದದ್ದು ತಾಯಿಯನ್ನು ಉಳಿಸಿತು. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನ. ಆದರೆ ಪ್ಲುಟೋನಿಯಂ ಕಂಡುಹಿಡಿದ ತಂಡದ ಮುಖ್ಯಸ್ಥರೂ ಇದೇ ಸೀಬೋರ್ಗ್. ನಾಗಸಾಕಿಯ ಮೇಲೆ ಬಿದ್ದ ಬಾಂಬು ಪ್ಲುಟೋನಿಯಂದು.

ಮನೆಗೆ ಬಂದ ಮೇಲೆ ಕೆಲವು ದಿನ ಮೊಮ್ಮಗನಿಂದ ದೂರ ಇರಬೇಕಿತ್ತು. ಪ್ರತ್ಯೇಕ ತಟ್ಟೆ, ಪ್ರತ್ಯೇಕ ಹಾಸಿಗೆ. ನಾನು ಕಟ್ಟಿದ ಕೌಂಟರಿಗೆ ಆಗ ಸುಗ್ಗಿ. ಅದನ್ನು ಕೋಣೆಯ ಮೂಲೆಯಲ್ಲಿ ಒಂದೇ ಜಾಗದಲ್ಲಿಟ್ಟು, ದಿನವೂ ಒಂದೇ ದೂರದಲ್ಲಿ ಕೂತು ಎಣಿಕೆ ಬರೆದುಕೊಂಡೆ. ಮೊದಲ ದಿನ ಟಿಕ್‌ಗಳನ್ನು ಬಿಡಿಬಿಡಿಯಾಗಿ ಕೇಳಿಸಿಕೊಳ್ಳಲೇ ಆಗುತ್ತಿರಲಿಲ್ಲ. ಬಾಗಿಲ ಆಚೆಯಿಂದ ಮೊಮ್ಮಗ, ‘ಅಜ್ಜಾ, ನಿನ್ನೊಳಗೆ ರೇಡಿಯೋ ಇದೆಯಾ?’ ಎಂದು ಕೂಗಿದ. ಅಯೋಡಿನ್ 131ರ ಅರ್ಧಾಯು ಎಂಟು ದಿನ. ಎಂಟು ದಿನಕ್ಕೆ ಅರ್ಧ, ಇನ್ನೆಂಟಕ್ಕೆ ಕಾಲು. ನನ್ನ ಗ್ರಾಫಿನ ಗೆರೆ ಮಾತ್ರ ಅದಕ್ಕಿಂತ ಬಹಳ ಬೇಗ ಇಳಿಯಿತು. ಕಾರಣ ಮೂತ್ರಪಿಂಡ. ಪರಮಾಣು ಒಡೆಯುವುದು ಒಂದು ದಾರಿ, ದೇಹ ಹೊರಹಾಕುವುದು ಇನ್ನೊಂದು ದಾರಿ. ಎರಡೂ ಒಟ್ಟಿಗೆ ನಡೆಯುತ್ತಿರುತ್ತವೆ. ಎರಡನ್ನೂ ಕೂಡಿಸುವ ಸೂತ್ರ ಪಕ್ಕಪಕ್ಕ ಜೋಡಿಸಿದ ಎರಡು ರೆಸಿಸ್ಟರುಗಳ ಸೂತ್ರವೇ, ಅಕ್ಷರಶಃ ಅದೇ. ಇದನ್ನು ಕಂಡ ಸಂಜೆ ನನಗೆ ಆದ ಖುಷಿಯನ್ನು ಮನೆಯಲ್ಲಿ ಯಾರಿಗೂ ದಾಟಿಸಲಾಗಲಿಲ್ಲ. ಹವ್ಯಾಸದಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಲಾಭ ಇಲ್ಲ. ಆ ಗ್ರಾಫು ನನ್ನನ್ನು ಗುಣಪಡಿಸಲಿಲ್ಲ, ವೈದ್ಯರಿಗೂ ಅದು ಬೇಕಿರಲಿಲ್ಲ. ಆದರೆ ಅಷ್ಟು ಹೊತ್ತು ನಾನು ರೋಗಿಯಾಗಿರಲಿಲ್ಲ, ಅಳತೆ ಮಾಡುವವನಾಗಿದ್ದೆ.

ಆಮೇಲೆ ತೆಗೆದ ಸ್ಕ್ಯಾನಿನ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಾಲ್ ಆಂಗರ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ 1950ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪಿಸಿದ ಗಾಮಾ ಕ್ಯಾಮೆರಾ ಅದು. ಗಾಮಾ ಕಿರಣ ಬಿದ್ದಾಗ ಮಿಣುಕುವ ದೊಡ್ಡದೊಂದು ಹರಳು ಅದರ ಕಣ್ಣು. ಆ ಹರಳು ಯಾವುದು ಗೊತ್ತೇ? ಸೋಡಿಯಂ ಅಯೋಡೈಡ್. ಮಲಗಿದವನ ಗಂಟಲಲ್ಲೂ ಅಯೋಡಿನ್, ಮೇಲಿಂದ ನೋಡುವ ಯಂತ್ರದಲ್ಲೂ ಅಯೋಡಿನ್.

ನಾನು ಕುಡಿದ ಔಷಧ ಗಿಡದಲ್ಲಿ ಬೆಳೆಯುವುದಿಲ್ಲ. ಪರಮಾಣು ರಿಯಾಕ್ಟರಿನೊಳಗೆ ಟೆಲ್ಲೂರಿಯಂ ಇಟ್ಟು ನ್ಯೂಟ್ರಾನಿನ ಹೊಡೆತ ಕೊಟ್ಟು ತಯಾರಿಸಬೇಕು. ಎಂಟು ದಿನಕ್ಕೆ ಅರ್ಧವಾಗುವ ಸರಕನ್ನು ದಾಸ್ತಾನು ಮಾಡಲಾಗದು. ವಾರ ವಾರವೂ ಹೊಸದಾಗಿ ಮಾಡಿ ಸಾಗಿಸುತ್ತಿರಬೇಕು. ನಮ್ಮ ದೇಶದಲ್ಲಿ ಆ ಕೆಲಸ ಮುಂಬೈಯ ಟ್ರಾಂಬೆಯದು. 1956ರ ಅಪ್ಸರಾ, 1960ರ ಸೈರಸ್, 1985ರ ಧ್ರುವ, ಹೀಗೆ ಒಂದರ ಹಿಂದೊಂದು ಬಂದ ರಿಯಾಕ್ಟರುಗಳು. ಸೈರಸ್ ಕೆನಡಾ ಕೊಟ್ಟದ್ದು, ಅದರ ಭಾರಜಲ ಅಮೆರಿಕದ್ದು, ಶಾಂತಿಯ ಕೆಲಸಕ್ಕೆ ಮಾತ್ರ ಎಂಬ ಮಾತಿನ ಮೇಲೆ. 1974ರ ಮೇ 18ರಂದು ಪೋಖರಣ್‌ನಲ್ಲಿ ಸಿಡಿದ ಪ್ಲುಟೋನಿಯಂ ಹುಟ್ಟಿದ್ದು ಅದೇ ಸೈರಸ್‌ನಲ್ಲಿ. ಆಸ್ಪತ್ರೆಗಳಿಗೆ ಐಸೋಟೋಪು ಹೋಗುತ್ತಿದ್ದದ್ದೂ ಅಲ್ಲಿಂದಲೇ. 2010ರ ಕೊನೆಯ ದಿನ ಅದನ್ನು ಮುಚ್ಚಿದರು.

ಪೋಖರಣ್ ಪರೀಕ್ಷೆಯ ಮುಂಚೂಣಿಯಲ್ಲಿದ್ದವರು ನಮ್ಮ ತುಮಕೂರು ಸೀಮೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಅವರು ಪಳಗಿದ ಪಿಯಾನೊ ವಾದಕರು. ಪಾಶ್ಚಾತ್ಯ ಸಂಗೀತವನ್ನೂ ರಾಗಪದ್ಧತಿಯನ್ನೂ ಹೋಲಿಸಿ ಪುಸ್ತಕ ಬರೆದವರು. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ವಿಜ್ಞಾನಿ ರಾಜಕೀಯದಿಂದ ದೂರ ಇರಬೇಕು ಎಂದು ಉಪದೇಶ ಮಾಡುವವರಿಗೆ ನಾನು ಕೊಡುವ ಉದಾಹರಣೆ ಇದು. ದೂರ ಇರುವುದು ಎಲ್ಲಿಗೆ? ರಿಯಾಕ್ಟರಿನ ಇಟ್ಟಿಗೆ ಇಟ್ಟಿಗೆಯೂ ರಾಜಕೀಯದ ತೀರ್ಮಾನವೇ. ನಾನು ಕುಡಿದ ಆ ನೀರಿನಂಥ ಔಷಧದ ಹಿಂದೆ ಒಂದು ಬಡ ದೇಶ ಸ್ವಂತ ರಿಯಾಕ್ಟರು ಕಟ್ಟಬೇಕೆಂದು ಮಾಡಿದ ಹಟ ಇದೆ, ಬಾಂಬಿನ ಆಸೆಯೂ ಇದೆ. ಒಂದನ್ನು ಒಪ್ಪಿ ಇನ್ನೊಂದು ನನಗೆ ಗೊತ್ತೇ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕೈಗಾದ ಅಣುವಿದ್ಯುತ್ ಸ್ಥಾವರದ ಬಗ್ಗೆ ಏನಂತೀರಿ ಎಂದು ಕೇಳುತ್ತಾರೆ. ಸಾಹಿತಿ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿ, ಪರಿಸರದ ಪ್ರಶ್ನೆಯನ್ನೇ ಹಿಡಿದು 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಎಂಬತ್ತು ದಾಟಿದ ವಯಸ್ಸಿನಲ್ಲಿ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಕೈಗಾದ ಒಂದನೇ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. 2009ರಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿ ಐವತ್ತಕ್ಕೂ ಹೆಚ್ಚು ನೌಕರರ ಹೊಟ್ಟೆ ಸೇರಿಸಿದರು. ಅದೇ ಒಂದನೇ ಘಟಕ 2016ರಿಂದ 2018ರವರೆಗೆ 962 ದಿನ ಒಂದೇ ಸಮ ಓಡಿ ಆ ಹೊತ್ತಿನ ಜಾಗತಿಕ ದಾಖಲೆ ಮಾಡಿತು. ಈ ನಾಲ್ಕೂ ನಿಜ. ಎರಡನ್ನು ಆರಿಸಿಕೊಂಡು ಭಾಷಣ ಮಾಡುವುದು ಸುಲಭ, ಯಾವ ಎರಡು ಎಂಬುದು ಭಾಷಣಕಾರನ ಪಕ್ಷದ ಮೇಲೆ ಹೋಗುತ್ತದೆ. ಕಾರಂತರ ಎಲ್ಲ ವಾದವನ್ನು ನಾನು ಒಪ್ಪುವುದಿಲ್ಲ; ಆದರೆ ಪ್ರಶ್ನೆ ಕೇಳುವ ಅವರ ಹಕ್ಕನ್ನು ‘ನಿಮಗೆ ವಿಜ್ಞಾನ ಗೊತ್ತಿಲ್ಲ’ ಎಂದು ತಳ್ಳಿಹಾಕಿದವರನ್ನು ಇನ್ನೂ ಒಪ್ಪುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಹುಟ್ಟಿತು. ಸ್ಥಾವರ ಕಟ್ಟುವವರು ಯಾವ ಛತ್ರಿಯ ಕೆಳಗೋ, ಅವರನ್ನು ತಪಾಸಣೆ ಮಾಡುವ ಮಂಡಳಿಯೂ ಬಹುಕಾಲ ಅದೇ ಛತ್ರಿಯ ಕೆಳಗಿತ್ತು. ನನ್ನ ತಕರಾರು ಇದು. ಯುರೇನಿಯಂ ಜೊತೆ ನನಗೆ ಜಗಳವಿಲ್ಲ, ಗುಟ್ಟಿನ ಜೊತೆ ಇದೆ.

ಗುಟ್ಟು ಏನು ಮಾಡುತ್ತದೆ ಎಂಬುದಕ್ಕೆ ಚೆರ್ನೋಬಿಲ್ ಸಾಕು. 1986ರ ಏಪ್ರಿಲ್ 26ರಂದು ಸಿಡಿದ ಆ ರಿಯಾಕ್ಟರಿನಿಂದ ಗಾಳಿಗೆ ಬಂದ ವಿಷಗಳಲ್ಲಿ ನನ್ನ ಔಷಧವೂ ಇತ್ತು, ಇದೇ ಅಯೋಡಿನ್ 131. ಹುಲ್ಲಿನ ಮೇಲೆ ಬಿತ್ತು, ಹಸು ಮೇಯಿತು, ಹಾಲಿಗೆ ಬಂತು, ಮಕ್ಕಳು ಕುಡಿದರು. ಆಡಳಿತ ದಿನಗಟ್ಟಲೆ ಬಾಯಿಬಿಡಲಿಲ್ಲ. ಆ ಸೀಮೆಯ ಮಣ್ಣಿನಲ್ಲಿ ಮೊದಲೇ ಅಯೋಡಿನ್ ಕೊರತೆ. ಹಸಿದ ಥೈರಾಯಿಡುಗಳು ಬಂದದ್ದನ್ನೆಲ್ಲ ಹೀರಿದವು. ಸಾವಿರಾರು ಮಕ್ಕಳಿಗೆ ಮುಂದೆ ಥೈರಾಯಿಡ್ ಕ್ಯಾನ್ಸರ್ ಬಂತು. ಪಕ್ಕದ ಪೋಲೆಂಡ್ ಕೆಲವೇ ದಿನಗಳಲ್ಲಿ ಸುಮಾರು 1 ಕೋಟಿ ಮಕ್ಕಳಿಗೆ ಸಾದಾ ಅಯೋಡೈಡ್ ಕುಡಿಸಿತು. ಒಳ್ಳೆಯ ಅಯೋಡಿನ್ ಮೊದಲೇ ತುಂಬಿದ್ದರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಉಪ್ಪಿನ ಕಾಯಿದೆಯ ಬಗ್ಗೆ ನಾನು ಇಷ್ಟು ಹೊತ್ತು ಮಾತಾಡಿದ್ದಕ್ಕೆ ಇದೂ ಒಂದು ಕಾರಣ.

ನನ್ನನ್ನು ಈಗ ‘ಕ್ಯಾನ್ಸರ್ ಗೆದ್ದವರು’ ಎಂದು ಪರಿಚಯಿಸುತ್ತಾರೆ. ಸಭೆಯೊಂದರಲ್ಲಿ ಶಾಲು ಹೊದಿಸಿದರು. ನನಗೆ ಮುಜುಗರ. ಪ್ಯಾಪಿಲರಿ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಹತ್ತು ವರ್ಷದ ಆಚೆಗೂ ಬದುಕಿರುತ್ತಾರೆ. ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ತಂಬಾಕಿನಿಂದ ದವಡೆ ಕಳೆದುಕೊಂಡವರು ಸಾಲಾಗಿ ಕೂತಿದ್ದರು. ಅವರು ನನಗಿಂತ ಕಡಿಮೆ ಹೋರಾಡಿದರೆ? ನನಗೆ ಸಿಕ್ಕಿದ್ದು ಸೌಮ್ಯ ಜಾತಿಯ ರೋಗ, ಜೊತೆಗೆ 1936ರಲ್ಲಿ ಯಾರೋ ಎದ್ದು ಕೇಳಿದ ಪ್ರಶ್ನೆ. ಗೆಲುವಿನಲ್ಲಿ ನನ್ನ ಪಾಲು ಮಾತ್ರೆ ನುಂಗಿದ್ದಷ್ಟೇ.

ಇದಕ್ಕಿಂತ ಇರುಸುಮುರುಸಿನ ಲೆಕ್ಕವೊಂದು ದಕ್ಷಿಣ ಕೊರಿಯಾದ್ದು. ಅಲ್ಲಿ 1999ರಿಂದ ಸರಕಾರ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಶುರುಮಾಡಿತು. ಥೈರಾಯಿಡ್ ಸ್ಕ್ಯಾನಿಂಗ್ ಅದರ ಪಟ್ಟಿಯಲ್ಲಿರಲಿಲ್ಲ. ಆಸ್ಪತ್ರೆಗಳು ಸ್ವಲ್ಪ ಹಣಕ್ಕೆ ಅದನ್ನೂ ಸೇರಿಸಿ ಕೊಟ್ಟವು. 2011ರ ಹೊತ್ತಿಗೆ ಪತ್ತೆಯಾದ ಥೈರಾಯಿಡ್ ಕ್ಯಾನ್ಸರಿನ ಪ್ರಮಾಣ 1993ಕ್ಕಿಂತ 15 ಪಟ್ಟು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ? ಇದ್ದಲ್ಲೇ ಇತ್ತು. ಅಂದರೆ ಯಂತ್ರ ಹುಡುಕಿದ ಗಂಟುಗಳಲ್ಲಿ ಬಹುಪಾಲು, ಹುಡುಕದಿದ್ದರೆ ಜೀವನವಿಡೀ ತೆಪ್ಪಗೆ ಇರುತ್ತಿದ್ದವು. ಅಷ್ಟು ಜನ ಸುಮ್ಮನೆ ಗಂಟಲು ಕೊಯ್ಸಿಕೊಂಡು, ಮಾತ್ರೆ ನುಂಗುತ್ತಾ, ಕೆಲವರು ದನಿ ಕಳೆದುಕೊಂಡು ಕೂತರು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಎಚ್ಚರಿಸಿದ ಮೇಲೆ ಆಪರೇಷನ್‌ಗಳ ಸಂಖ್ಯೆ ಒಂದೇ ವರ್ಷದಲ್ಲಿ ಮೂರನೇ ಒಂದರಷ್ಟು ಇಳಿಯಿತು.

ಕಳೆದ ತಿಂಗಳು ಎಕ್ಸ್‌ಚೇಂಜಿನ ಹಳೆಯ ಗೆಳೆಯನೊಬ್ಬ ಫೋನ್ ಮಾಡಿದ. ಅಡಿಯಿಂದ ಮುಡಿಯವರೆಗೆ ಮಾಸ್ಟರ್ ಚೆಕಪ್, ಥೈರಾಯಿಡ್ ಸ್ಕ್ಯಾನ್ ಉಚಿತ ಅಂತ ಜಾಹೀರಾತು ಬಂದಿದೆ, ಮಾಡಿಸಲೇನೋ ಎಂದು ಕೇಳಿದ. ‘ನಿನಗೆ ಆದದ್ದು ನೋಡಿದ ಮೇಲೆ ಭಯ ಮಾರಾಯ.’ ಯಂತ್ರ ಕಂಡರೆ ಬಾಯಿ ಬಿಡುವವನು ನಾನು, ಅವನಿಗೂ ಗೊತ್ತು. ಗಂಟು ಕೈಗೆ ಸಿಗುತ್ತಾ, ನುಂಗಲು ತೊಂದರೆ ಇದೆಯಾ, ದನಿ ಒರಟಾಗಿದೆಯಾ, ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳಿದೆ. ಯಾವುದೂ ಇಲ್ಲ. ಇವುಗಳಲ್ಲಿ ಒಂದಿದ್ದರೂ ಇವತ್ತೇ ಡಾಕ್ಟರ ಹತ್ತಿರ ಹೋಗು ಅನ್ನುತ್ತಿದ್ದೆ, ಏನೂ ಇಲ್ಲದವರ ಗಂಟಲಲ್ಲಿ ಗಂಟು ಹುಡುಕಬೇಡಿ ಅಂತ ಅಮೆರಿಕದ ತಜ್ಞರ ಸಮಿತಿಯೇ 2017ರಲ್ಲಿ ಹೇಳಿದೆ ಎಂದೆ. ಬಿ.ಪಿ., ಸಕ್ಕರೆ ನೋಡಿಸಿಕೋ, ಬೀಡಿ ಬಿಡು ಎಂದೂ ಸೇರಿಸಿದೆ. ಬೀಡಿಯ ಮಾತಿಗೆ ಅವನು ಲೈನು ಸರಿಯಿಲ್ಲ ಎಂದ.

ಚೆಕಪ್ಪಿಗೆಂದು ತೆಗೆದಿಟ್ಟ ಹಣದಲ್ಲಿ ಅವನೊಂದು ಹಳೆಯ ಆಸಿಲೋಸ್ಕೋಪ್ ಕೊಂಡಿದ್ದಾನೆ. ಪರದೆಯ ಗೆರೆ ನಡುಗುತ್ತದೆಯಂತೆ. ಪವರ್ ಸಪ್ಲೈಯ ಕೆಪಾಸಿಟರ್ ಹೋಗಿರಬೇಕೆಂದು ನನ್ನ ಅಂದಾಜು, ಅವನು ಟ್ಯೂಬೇ ಹೋಗಿದೆ ಅನ್ನುತ್ತಾನೆ. ಭಾನುವಾರ ಬಿಚ್ಚುತ್ತೇವೆ.